ಗಿಡದ ನಾಡಿ ಹಿಡಿದ ಜಗದೀಶ್ ಚಂದ್ರ ಬೋಸ್: ಗಾಳಿಯಲ್ಲಿ ಬರುವ ಎಚ್ಚರಿಕೆಗೆ ಬೆಳೆ ಸ್ಪಂದಿಸುವ ಕಥೆಯ ಹಿಂದಿನ ಕಥೆ

ಹುಲ್ಲು ಕೊಯ್ದಾಗ ಮೂಗಿಗೆ ಬಡಿಯುವ ಹಸಿ ವಾಸನೆ ಯಾರಿಗೆ ಗೊತ್ತಿಲ್ಲ? ನಮಗೆ ಅದು ಬರೀ ವಾಸನೆ. ಪಕ್ಕದಲ್ಲಿ ನಿಂತ ಗಿಡಕ್ಕೆ ಮಾತ್ರ ಅದು ಎಚ್ಚರಿಕೆ. ಹುಳು ಎಲೆ ಕಡಿದಾಗ ಹೊರಬರುವ ಈ ಆವಿ ಗಾಳಿಯಲ್ಲಿ ತೇಲಿ ಬಂದು ತಾಗಿದರೆ ಸಾಕು, ಗಾಯವೇ ಆಗದ ಗಿಡದ ಎಲೆಯೊಳಗೂ ಸಂಕೇತಗಳು ಏಳುತ್ತವೆ, ರಕ್ಷಣೆಯ ತಯಾರಿ ಶುರುವಾಗುತ್ತದೆ. 2023ರಲ್ಲಿ ಜಪಾನಿನ ಸೈತಾಮಾ ವಿಶ್ವವಿದ್ಯಾಲಯದ ತಂಡ ಇದನ್ನು ವಿಡಿಯೊದಲ್ಲಿ ಸೆರೆಹಿಡಿದು ತೋರಿಸಿದಾಗ ಅದು ದೇಶ ವಿದೇಶಗಳಲ್ಲಿ ಸುದ್ದಿಯಾಗಿತ್ತು.

ಗಿಡದೊಳಗೆ ನಡೆಯುವ ಇಂಥ ಪ್ರತಿಕ್ರಿಯೆಯನ್ನು ಯಂತ್ರದ ಮೂಲಕ ಕಣ್ಣಿಗೆ ಕಾಣುವಂತೆ ಮಾಡಬೇಕು ಎಂದು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಹಠ ಹಿಡಿದ ಭಾರತೀಯರೊಬ್ಬರಿದ್ದರು. ಅವರೇ ಆಚಾರ್ಯ ಜಗದೀಶ್ ಚಂದ್ರ ಬೋಸ್. ಸಸ್ಯಗಳಿಗೆ ಜೀವವಿದೆ ಎಂದು ಕಂಡುಹಿಡಿದವರು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಹೆಸರು.

ನಿಜ ಹೇಳಬೇಕೆಂದರೆ ಆ ಬಾಯಿಪಾಠ ಸರಿಯಲ್ಲ. ಸಸ್ಯಕ್ಕೆ ಜೀವವಿದೆ ಎಂಬುದು ಬೋಸ್ ಹುಟ್ಟುವ ಮೊದಲೇ ಎಲ್ಲರಿಗೂ ಗೊತ್ತಿತ್ತು. ಅವರು ಕೇಳಿದ ಪ್ರಶ್ನೆ ಬೇರೆ: ಮುಟ್ಟಿದಾಗ, ಸುಟ್ಟಾಗ, ವಿಷ ತಾಗಿದಾಗ, ಗಾಳಿಯಲ್ಲಿ ಬೇರೇನೋ ಬೆರೆತಾಗ ಗಿಡ ಒಳಗೊಳಗೆ ಏನು ಮಾಡುತ್ತದೆ, ಎಷ್ಟು ಬೇಗ ಮಾಡುತ್ತದೆ? ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಅವರ ಅರ್ಧ ಆಯುಷ್ಯವೇ ಕಳೆಯಿತು. ಕೆಲವು ಉತ್ತರ ಸರಿಯಾದವು, ಕೆಲವು ತಪ್ಪಾದವು. ಎರಡನ್ನೂ ಸೇರಿಸಿ ಓದಿದರೆ ಮಾತ್ರ ಅವರ ಬದುಕು ಅರ್ಥವಾಗುತ್ತದೆ.

ಬಂಗಾಳಿ ಶಾಲೆಯ ಬೆಂಚು

ಬೋಸ್ ಹುಟ್ಟಿದ್ದು 1858ರ ನವೆಂಬರ್ 30ರಂದು, ಈಗ ಬಾಂಗ್ಲಾದೇಶದಲ್ಲಿರುವ ಮೈಮನ್‌ಸಿಂಗ್‌ನಲ್ಲಿ. ತಂದೆ ಭಗವಾನ್ ಚಂದ್ರ ಬೋಸ್ ಬ್ರಿಟಿಷ್ ಸರ್ಕಾರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್, ಬ್ರಹ್ಮ ಸಮಾಜದವರು. ಆ ಕಾಲದಲ್ಲಿ ಅಂಥ ಹುದ್ದೆಯಲ್ಲಿದ್ದವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದು ವಾಡಿಕೆ. ಭಗವಾನ್ ಚಂದ್ರರು ಮಾತ್ರ ಮಗನನ್ನು ಬಂಗಾಳಿ ಶಾಲೆಗೆ ಸೇರಿಸಿದರು. ಮೊದಲು ತಾಯ್ನುಡಿ, ತನ್ನ ಜನ ಯಾರೆಂಬ ಅರಿವು, ಆಮೇಲೆ ಇಂಗ್ಲಿಷ್ ಎಂಬುದು ಅವರ ಲೆಕ್ಕ.

ಆ ಶಾಲೆಯಲ್ಲಿ ಬಾಲಕ ಜಗದೀಶನ ಒಂದು ಪಕ್ಕ ತಂದೆಯ ಕಚೇರಿಯ ಮುಸ್ಲಿಂ ಜವಾನನ ಮಗ ಕೂರುತ್ತಿದ್ದ, ಇನ್ನೊಂದು ಪಕ್ಕ ಮೀನುಗಾರನ ಮಗ. ನೀರಿನ ಜೀವಿಗಳ, ಹಕ್ಕಿಗಳ, ಪ್ರಾಣಿಗಳ ಕಥೆಗಳನ್ನು ಆ ಗೆಳೆಯರ ಬಾಯಲ್ಲಿ ಕೇಳಿ ಕೇಳಿಯೇ ತನಗೆ ಪ್ರಕೃತಿಯ ಮೇಲೆ ಆಸಕ್ತಿ ಹುಟ್ಟಿತು ಎಂದು ಬೋಸ್ ಮುಂದೆ ನೆನೆಸಿಕೊಂಡಿದ್ದರು. ಗೆಳೆಯರು ಮನೆಗೆ ಬಂದರೆ ತಾಯಿ ಜಾತಿ ಧರ್ಮ ನೋಡದೆ ಎಲ್ಲರಿಗೂ ಒಟ್ಟಿಗೆ ಬಡಿಸುತ್ತಿದ್ದರಂತೆ.

ಮುಂದೆ ಕಲ್ಕತ್ತಾದ ಹೇರ್ ಸ್ಕೂಲ್, ಅಲ್ಲಿಂದ ಸೇಂಟ್ ಝೇವಿಯರ್ಸ್. ಕಾಲೇಜಿನಲ್ಲಿ ಫಾದರ್ ಯುಜೀನ್ ಲಾಫೋಂ ಎಂಬ ಜೆಸ್ವಿಟ್ ಮೇಷ್ಟ್ರು ಪ್ರಯೋಗ ಮಾಡಿ ತೋರಿಸಿ ಪಾಠ ಹೇಳುತ್ತಿದ್ದರು. ಭೌತಶಾಸ್ತ್ರದ ಹುಚ್ಚು ಹತ್ತಿದ್ದು ಅಲ್ಲೇ. 1880ರಲ್ಲಿ ವೈದ್ಯನಾಗಲೆಂದು ಲಂಡನ್‌ಗೆ ಹೊರಟರು. ಮೊದಲೇ ಹಿಡಿದಿದ್ದ ಜ್ವರ, ಜೊತೆಗೆ ಶವ ಕೊಯ್ಯುವ ಕೋಣೆಯ ವಾಸನೆ ಅವರನ್ನು ಹಣ್ಣು ಮಾಡಿತು. ವೈದ್ಯಕೀಯ ಬಿಟ್ಟು ಕೇಂಬ್ರಿಡ್ಜ್‌ನ ಕ್ರೈಸ್ಟ್ಸ್ ಕಾಲೇಜು ಸೇರಿದರು. ಅಲ್ಲಿ ಭೌತಶಾಸ್ತ್ರಕ್ಕೆ ಲಾರ್ಡ್ ರೇಲಿ ಗುರು. ಸಸ್ಯಶಾಸ್ತ್ರ ಹೇಳಿಕೊಟ್ಟವರಲ್ಲಿ ಚಾರ್ಲ್ಸ್ ಡಾರ್ವಿನ್ ಅವರ ಮಗ ಫ್ರಾನ್ಸಿಸ್ ಡಾರ್ವಿನ್ ಕೂಡ ಒಬ್ಬರು. ಭೌತಶಾಸ್ತ್ರ ಮತ್ತು ಸಸ್ಯಶಾಸ್ತ್ರ ಎರಡೂ ಒಂದೇ ತಲೆಯೊಳಗೆ ಕೂತ ಸಮಯ ಅದು.

ಮೂರು ವರ್ಷ ಸಂಬಳ ಮುಟ್ಟದ ಪ್ರೊಫೆಸರ್

1885ರಲ್ಲಿ ಊರಿಗೆ ಮರಳಿದ ಬೋಸ್ ಅವರಿಗೆ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರೊಫೆಸರ್ ಕೆಲಸ ಸಿಕ್ಕಿತು. ಅದೂ ಸುಲಭಕ್ಕೆ ಸಿಕ್ಕಿದ್ದಲ್ಲ. ವಿಜ್ಞಾನ ಕಲಿಸುವ ಶಕ್ತಿ ಭಾರತೀಯರಿಗಿಲ್ಲ ಎಂದು ನಂಬಿದ್ದ ಅಧಿಕಾರಿಗಳ ಕಾಲ ಅದು. ಸಂಬಳದಲ್ಲೂ ತಾರತಮ್ಯ. ಯುರೋಪಿಯನ್ನರಿಗೆ ಸಿಗುವುದರ ಮೂರನೇ ಎರಡರಷ್ಟು ಮಾತ್ರ ಭಾರತೀಯರಿಗೆ. ಬೋಸ್ ಅವರದ್ದು ತಾತ್ಕಾಲಿಕ ನೇಮಕ ಎಂದು ಅದರಲ್ಲೂ ಅರ್ಧ ಕತ್ತರಿಸಿದರು. ಅಂದರೆ ಕೈಗೆ ಬರುವುದು ಮೂರನೇ ಒಂದು ಭಾಗ.

ಬೋಸ್ ಜಗಳ ಆಡಲಿಲ್ಲ, ರಾಜೀನಾಮೆಯನ್ನೂ ಕೊಡಲಿಲ್ಲ. ಪ್ರತಿದಿನ ಕಾಲೇಜಿಗೆ ಹೋಗಿ ಪಾಠ ಮಾಡಿದರು, ಸಂಬಳ ಮಾತ್ರ ತೆಗೆದುಕೊಳ್ಳಲಿಲ್ಲ. ಹೀಗೆ ಮೂರು ವರ್ಷ ನಡೆಯಿತು. ತಂದೆ ಮಾಡಿದ್ದ ಉದ್ಯಮಗಳು ನಷ್ಟಕ್ಕೆ ಬಿದ್ದು ಮನೆ ತುಂಬ ಸಾಲವಿದ್ದ ದಿನಗಳಲ್ಲಿ ಇದು ಸಣ್ಣ ನಿರ್ಧಾರವಲ್ಲ. 1887ರಲ್ಲಿ ಅಬಲಾ ದಾಸ್ ಅವರೊಂದಿಗೆ ಮದುವೆಯೂ ಆಯಿತು. ಮದ್ರಾಸಿನಲ್ಲಿ ವೈದ್ಯಕೀಯ ಓದಿದ್ದ ಅಬಲಾ ಈ ಹಠದಲ್ಲಿ ಗಂಡನ ಜೊತೆ ಗಟ್ಟಿಯಾಗಿ ನಿಂತರು. ಕೊನೆಗೆ ಸರ್ಕಾರವೇ ಮಣಿಯಿತು. ಕೆಲಸ ಕಾಯಂ ಆಯಿತು, ಹಿಂದಿನ ಮೂರು ವರ್ಷದ ಪೂರ್ಣ ಸಂಬಳ ಒಟ್ಟಿಗೆ ಬಂತು. ಆ ಹಣ ತಂದೆಯ ಸಾಲ ತೀರಿಸಲು ಹೋಯಿತು.

ಅಬಲಾ ಬೋಸ್ ಅವರದ್ದೂ ದೊಡ್ಡ ಬದುಕು. 1919ರಲ್ಲಿ ನಾರೀ ಶಿಕ್ಷಾ ಸಮಿತಿ ಕಟ್ಟಿ ಬಂಗಾಳದ ಹಳ್ಳಿಗಳ ಹೆಣ್ಣುಮಕ್ಕಳಿಗೆ, ವಿಧವೆಯರಿಗೆ ಓದು ಕೊಡಿಸಲು ದುಡಿದರು. ದಂಪತಿಗೆ ಹುಟ್ಟಿದ ಒಂದೇ ಮಗು ಹಸುಗೂಸಾಗಿದ್ದಾಗಲೇ ತೀರಿಕೊಂಡಿತ್ತು.

ರೈಲ್ವೆ ಟೈಮ್‌ಟೇಬಲ್‌ನಿಂದ ಪ್ರಯೋಗ

1894ರಲ್ಲಿ, 36ನೇ ಹುಟ್ಟುಹಬ್ಬದಂದು, ಬೋಸ್ ಇನ್ನು ಸಂಶೋಧನೆಗೇ ಬದುಕು ಎಂದು ನಿರ್ಧರಿಸಿದರು. ಕಾಲೇಜಿನಲ್ಲಿ ಹೇಳಿಕೊಳ್ಳುವಂಥ ಲ್ಯಾಬ್ ಇರಲಿಲ್ಲ. ಒಂದು ಸಣ್ಣ ಕೋಣೆ, ಕೈಯಿಂದಲೇ ಖರ್ಚು, ಸ್ಥಳೀಯ ತಗಡಿನ ಕೆಲಸಗಾರನಿಗೆ ಹೇಳಿಕೊಟ್ಟು ಮಾಡಿಸಿದ ಉಪಕರಣಗಳು.

ರೇಡಿಯೊ ತರಂಗಗಳನ್ನು 5 ಮಿಲಿಮೀಟರ್‌ನಷ್ಟು ಗಿಡ್ಡ ಮಾಡಿ ಅವರು ಪ್ರಯೋಗ ನಡೆಸಿದರು. ತರಂಗಗಳನ್ನು ಸೋಸಲು ಬಳಸಿದ್ದು ಏನು ಗೊತ್ತೇ? ಪುಟಗಳ ನಡುವೆ ತವರದ ಹಾಳೆ ಇಟ್ಟ ರೈಲ್ವೆ ಟೈಮ್‌ಟೇಬಲ್ ಪುಸ್ತಕ ಮತ್ತು ತಿರುಚಿದ ಸೆಣಬು! 1895ರಲ್ಲಿ ಕಲ್ಕತ್ತಾದ ಟೌನ್ ಹಾಲ್‌ನಲ್ಲಿ ತಂತಿಯೇ ಇಲ್ಲದೆ, ಗೋಡೆಗಳನ್ನು ದಾಟಿ ಹೋದ ತರಂಗದಿಂದ ದೂರದ ಕೋಣೆಯಲ್ಲಿ ಗಂಟೆ ಬಾರಿಸಿ, ಮದ್ದು ಸಿಡಿಸಿ ತೋರಿಸಿದರು. 1897ರ ಜನವರಿಯಲ್ಲಿ ಲಂಡನ್‌ನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಉಪನ್ಯಾಸ ಕೊಟ್ಟರು. ಇಂದು ವೇಗದ 5ಜಿ ಮತ್ತು ಕಾರುಗಳ ರಾಡಾರ್ ಬಳಸುವುದು ಇದೇ ಮಿಲಿಮೀಟರ್ ಅಳತೆಯ ತರಂಗಗಳನ್ನು. ಎಂಜಿನಿಯರ್‌ಗಳ ಅಂತಾರಾಷ್ಟ್ರೀಯ ಸಂಸ್ಥೆ ಐಇಇಇ 2012ರಲ್ಲಿ ಬೋಸ್ ಅವರ ಈ ಕೆಲಸವನ್ನು ತಂತ್ರಜ್ಞಾನದ ಮೈಲಿಗಲ್ಲು ಎಂದು ಗೌರವಿಸಿತು.

ಹಣ ಮಾಡಲು ಮಾತ್ರ ಬೋಸ್‌ಗೆ ಮನಸ್ಸಿರಲಿಲ್ಲ. ತಮ್ಮ ಉಪಕರಣಗಳ ವಿವರವನ್ನು ಎಲ್ಲರೆದುರು ಬಿಚ್ಚಿಟ್ಟರು. ಪಾದರಸ ಬಳಸುವ ಗ್ರಾಹಕವೊಂದರ ಬಗ್ಗೆ 1899ರಲ್ಲೇ ಪ್ರಕಟಿಸಿದ್ದರು. 1901ರಲ್ಲಿ ಅಟ್ಲಾಂಟಿಕ್ ಸಾಗರದ ಆಚೆಯಿಂದ ಬಂದ ಸಂಕೇತ ಹಿಡಿಯಲು ಮಾರ್ಕೋನಿ ಬಳಸಿದ ಗ್ರಾಹಕದ ಮೂಲ ಅದೇ ಎಂದು ನಂತರದ ಎಂಜಿನಿಯರ್‌ಗಳು ವಾದಿಸಿದ್ದಾರೆ. ಗೆಳೆಯರ ಒತ್ತಾಯಕ್ಕೆ ಒಂದು ಅಮೆರಿಕನ್ ಪೇಟೆಂಟ್ ಪಡೆದರಾದರೂ, 1904ರಲ್ಲಿ ಅದು ಕೈಗೆ ಬಂದ ಮೇಲೆ ಅವರು ಅದರಿಂದ ಲಾಭ ಮಾಡಿಕೊಳ್ಳಲಿಲ್ಲ.

ಲೋಹದ ದಣಿವಿನಿಂದ ಎಲೆಯ ಕಡೆಗೆ

ರೇಡಿಯೊ ಮನುಷ್ಯ ಗಿಡದ ಕಡೆ ತಿರುಗಿದ್ದು ಹೇಗೆ? ಅದಕ್ಕೂ ಅವರ ಗ್ರಾಹಕವೇ ಕಾರಣ. ಬಿಡುವಿಲ್ಲದೆ ಬಳಸಿದರೆ ಲೋಹದ ಗ್ರಾಹಕ ಮಂಕಾಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚುರುಕಾಗುತ್ತಿತ್ತು. ಇದು ದಣಿದ ಸ್ನಾಯುವಿನಂತೆಯೇ ಇದೆಯಲ್ಲ ಎಂದು ಬೋಸ್‌ಗೆ ಅನಿಸಿತು. ಲೋಹ, ಪ್ರಾಣಿಯ ಸ್ನಾಯು ಎರಡರ ಪ್ರತಿಕ್ರಿಯೆಯ ರೇಖೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ನಡುವೆ ಇನ್ನೊಂದು ಜಾಗ ಖಾಲಿಯಿತ್ತು. ಅದು ಗಿಡದ ಜಾಗ. ತೋಟಕ್ಕೆ ಹೋಗಿ ಎಲೆ ತಂದು ಪರೀಕ್ಷಿಸಿದರು. ಎಲೆಯಲ್ಲೂ ವಿದ್ಯುತ್ ಪ್ರತಿಕ್ರಿಯೆ ಕಂಡಿತು. ಆಮೇಲೆ ಕ್ಯಾರೆಟ್, ಟರ್ನಿಪ್‌ನಂಥ ತರಕಾರಿಗಳ ಸರದಿ.

1900ರಲ್ಲಿ ಪ್ಯಾರಿಸ್‌ನ ಅಂತಾರಾಷ್ಟ್ರೀಯ ಭೌತಶಾಸ್ತ್ರ ಸಮ್ಮೇಳನದಲ್ಲಿ ಈ ವಿಷಯ ಮಂಡಿಸಿದರು. ಆಗ ಪ್ಯಾರಿಸ್‌ನಲ್ಲಿದ್ದ ಸ್ವಾಮಿ ವಿವೇಕಾನಂದರು ತಮ್ಮ ನಾಡಿನ ವಿಜ್ಞಾನಿಯ ಬಗ್ಗೆ ಹೆಮ್ಮೆಪಟ್ಟಿದ್ದರು.

ಆದರೆ 1901ರ ಜೂನ್‌ನಲ್ಲಿ ಲಂಡನ್‌ನ ರಾಯಲ್ ಸೊಸೈಟಿಯಲ್ಲಿ ಕಥೆ ಬೇರೆಯಾಯಿತು. ಅಲ್ಲಿ ಸರ್ ಜಾನ್ ಬರ್ಡನ್ ಸ್ಯಾಂಡರ್ಸನ್ ಕೂತಿದ್ದರು. ಕೀಟ ಹಿಡಿಯುವ ವೀನಸ್ ಫ್ಲೈಟ್ರ್ಯಾಪ್ ಗಿಡದಲ್ಲಿ ವಿದ್ಯುತ್ ಸಂಕೇತವನ್ನು 1873ರಲ್ಲೇ ದಾಖಲಿಸಿದ್ದ ದೊಡ್ಡ ಶರೀರಶಾಸ್ತ್ರಜ್ಞ. ಸಾಮಾನ್ಯ ಗಿಡಗಳಲ್ಲೂ ಇಂಥದ್ದಿದೆ ಎಂಬುದನ್ನು ಅವರು ಒಪ್ಪಲಿಲ್ಲ. ಭೌತಶಾಸ್ತ್ರದವರು ತಮ್ಮ ಕ್ಷೇತ್ರಕ್ಕೆ ಕಾಲಿಟ್ಟಿದ್ದೂ ಶರೀರಶಾಸ್ತ್ರಜ್ಞರಿಗೆ ರುಚಿಸಲಿಲ್ಲ. ಶೀರ್ಷಿಕೆಯ ಪದ ಬದಲಿಸಿ ಎಂಬ ಸಲಹೆ ಬಂತು. ಬೋಸ್ ಒಪ್ಪಲಿಲ್ಲ. ಪ್ರಬಂಧ ಪ್ರಕಟವಾಗದೆ ಸೊಸೈಟಿಯ ಕಪಾಟು ಸೇರಿತು.

ಊರಿಗೆ ಮರಳುವುದೋ, ಇಂಗ್ಲೆಂಡ್‌ನಲ್ಲೇ ನಿಂತು ವಾದ ಗೆಲ್ಲುವುದೋ? ಬೋಸ್ ನಿಂತರು. ಈ ಹೊತ್ತಿನಲ್ಲಿ ಕೈಹಿಡಿದವರು ಗೆಳೆಯ ರವೀಂದ್ರನಾಥ ಟ್ಯಾಗೋರ್. ತ್ರಿಪುರಾದ ಮಹಾರಾಜ ರಾಧಾಕಿಶೋರ್ ಮಾಣಿಕ್ಯ ಅವರಿಂದ ಹಣದ ನೆರವು ಬರುವಂತೆ ನೋಡಿಕೊಂಡರು. ಸೋದರಿ ನಿವೇದಿತಾ ಪುಸ್ತಕಗಳ ಬರವಣಿಗೆಗೆ ಹೆಗಲು ಕೊಟ್ಟರು. 1902ರಲ್ಲಿ ಜೀವ ಮತ್ತು ನಿರ್ಜೀವಗಳ ಪ್ರತಿಕ್ರಿಯೆ ಕುರಿತ ಪುಸ್ತಕ ಹೊರಬಂತು. 1906, 1907, 1913ರಲ್ಲಿ ಸಸ್ಯಗಳ ಬಗ್ಗೆ ಒಂದರ ಮೇಲೊಂದು ದಪ್ಪ ಗ್ರಂಥಗಳು ಬಂದವು. ಪತ್ರಿಕೆಯಲ್ಲಿ ಜಾಗ ಸಿಗದಿದ್ದರೆ ಪುಸ್ತಕದಲ್ಲೇ ಹೇಳುತ್ತೇನೆ ಎಂಬಂತಿತ್ತು ಅವರ ವೇಗ.

ಗಾಜಿನ ಕೋಣೆಯಲ್ಲಿ ನಾಚಿಕೆ ಮುಳ್ಳು

ಬೋಸ್ ಅವರ ಪ್ರಯೋಗಗಳಿಗೆ ಇಬ್ಬರು ನಾಯಕಿಯರು. ಒಂದು, ನಾವೆಲ್ಲ ಮಕ್ಕಳಾಗಿದ್ದಾಗ ಮುಟ್ಟಿ ಆಟ ಆಡಿದ ನಾಚಿಕೆ ಮುಳ್ಳು, ಅಂದರೆ ಮುಟ್ಟಿದರೆ ಮುನಿ. ಇನ್ನೊಂದು ಟೆಲಿಗ್ರಾಫ್ ಗಿಡ. ಇದರ ಪುಟ್ಟ ಎಲೆಗಳು ಯಾರೂ ಮುಟ್ಟದೆಯೇ ತಮ್ಮಷ್ಟಕ್ಕೆ ಏಳುತ್ತಾ ಬೀಳುತ್ತಾ ಇರುತ್ತವೆ.

ಎಲೆ ಮಡಚುವುದನ್ನು ಕಣ್ಣಲ್ಲಿ ನೋಡಿ ಅಂದಾಜು ಹೇಳುವುದು ಬೋಸ್‌ಗೆ ಬೇಕಿರಲಿಲ್ಲ. ಗಿಡವೇ ತನ್ನ ಕಥೆ ಬರೆಯಬೇಕು. ಅದಕ್ಕಾಗಿ ಮಸಿ ಹಿಡಿಸಿದ ಗಾಜಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಗೆರೆ ಎಳೆಯುವ ಯಂತ್ರ ಮಾಡಿದರು. ಸೆಕೆಂಡಿನ ಸಾವಿರದಲ್ಲೊಂದು ಭಾಗವನ್ನೂ ಅದು ಅಳೆಯುತ್ತಿತ್ತು. ಮುಂದೆ ಬಂದ ಕ್ರೆಸ್ಕೋಗ್ರಾಫ್ ಗಿಡದ ಬೆಳವಣಿಗೆಯನ್ನು 10,000 ಪಟ್ಟು ಹಿಗ್ಗಿಸಿ ತೋರಿಸುತ್ತಿತ್ತು. ಅಯಸ್ಕಾಂತ ಬಳಸಿದ ಇನ್ನೊಂದು ಮಾದರಿ ಒಂದು ಕೋಟಿ ಪಟ್ಟು. ಬಸವನ ಹುಳುವಿಗಿಂತಲೂ ಎಷ್ಟೋ ಪಟ್ಟು ನಿಧಾನವಾಗಿ ನಡೆಯುವ ಬೆಳವಣಿಗೆ ಗೋಡೆಯ ಮೇಲೆ ಬೆಳಕಿನ ಚುಕ್ಕಿಯಾಗಿ ಓಡುವುದನ್ನು ಜನ ಕೂತು ನೋಡಬಹುದಿತ್ತು.

ಇಲ್ಲೇ ಬರುತ್ತದೆ ಗಾಳಿಯ ವಿಷಯ. ಗಿಡವನ್ನು ಮುಚ್ಚಿದ ಗಾಜಿನ ಕೋಣೆಯಲ್ಲಿಟ್ಟು ಬೋಸ್ ಬಗೆಬಗೆಯ ಅನಿಲ, ಆವಿಗಳನ್ನು ಒಳಗೆ ಬಿಟ್ಟರು. ಇಂಗಾಲದ ಡೈ ಆಕ್ಸೈಡ್, ಓಝೋನ್, ಅಮೋನಿಯಾ, ಗಂಧಕದ ಡೈ ಆಕ್ಸೈಡ್, ಆಲ್ಕೊಹಾಲ್ ಆವಿ, ಈಥರ್, ಕ್ಲೋರೋಫಾರ್ಮ್, ಬೀದಿ ದೀಪಕ್ಕೆ ಉರಿಸುತ್ತಿದ್ದ ಕಲ್ಲಿದ್ದಲ ಅನಿಲ ಹೀಗೆ ಪಟ್ಟಿ ಉದ್ದವಿದೆ. ಒಂದೊಂದಕ್ಕೂ ಗಿಡದ ಗೆರೆ ಬೇರೆ ಬೇರೆ. ಈಥರ್ ಆವಿ ತುಂಬಿದರೆ ಟೆಲಿಗ್ರಾಫ್ ಗಿಡದ ಎಲೆಯ ಮಿಡಿತ ನಿಲ್ಲುತ್ತಿತ್ತು. ಶುದ್ಧ ಗಾಳಿ ಹಾಯಿಸಿದರೆ ನಿಧಾನವಾಗಿ ಮತ್ತೆ ಶುರು. ಆಪರೇಷನ್ ಥಿಯೇಟರ್‌ನಲ್ಲಿ ಮನುಷ್ಯನ ಮೇಲೆ ಕೆಲಸ ಮಾಡುವ ಅರಿವಳಿಕೆ ಗಿಡದ ಮೇಲೂ ಕೆಲಸ ಮಾಡುತ್ತದೆ ಎಂಬುದು ಆ ಕಾಲದ ಪ್ರೇಕ್ಷಕರಿಗೆ ಮೈನವಿರೇಳಿಸುವ ದೃಶ್ಯ.

ಗಮನಿಸಬೇಕಾದ್ದು ಇಷ್ಟು. ಈ ಪ್ರಯೋಗಗಳಲ್ಲಿ ಆವಿ ಬರುತ್ತಿದ್ದದ್ದು ಸಂಶೋಧಕನ ಸೀಸೆಯಿಂದ. ಗಿಡಗಳೇ ಒಂದಕ್ಕೊಂದು ಆವಿ ಕಳಿಸಬಹುದೇ ಎಂಬ ಪ್ರಶ್ನೆಗೆ ಇನ್ನೂ ಕಾಲ ಬರಬೇಕಿತ್ತು. ಆದರೆ ಗಾಳಿಯಲ್ಲಿ ತೇಲುವ ಅಲ್ಪ ರಾಸಾಯನಿಕವೂ ಗಿಡದ ನಡವಳಿಕೆಯನ್ನು ಬದಲಿಸುತ್ತದೆ ಎಂಬುದು ಗೆರೆಯಾಗಿ ಮೂಡಿತ್ತು.

ಪೇಟೆಂಟ್ ಬೇಡವೆಂದ ಸಂಸ್ಥೆ

1914ರಲ್ಲಿ ಬೋಸ್ ಜೀವಂತ ಗಿಡಗಳನ್ನೇ ಹಡಗಿನಲ್ಲಿ ಹೊತ್ತು ಯುರೋಪಿಗೆ ಹೋದರು. ಲಂಡನ್, ವಿಯೆನ್ನಾ ಸೇರಿ ಹಲವೆಡೆ ಪ್ರಯೋಗ ಮಾಡಿ ತೋರಿಸಿದರು. 1915ರಲ್ಲಿ ಕಾಲೇಜಿನಿಂದ ನಿವೃತ್ತಿ. ಸತ್ಯೇಂದ್ರನಾಥ ಬೋಸ್, ಮೇಘನಾದ ಸಹಾ ಅವರಂಥವರು ಅವರ ಕೈಕೆಳಗೆ ಓದಿದ ವಿದ್ಯಾರ್ಥಿಗಳು.

1917ರ ನವೆಂಬರ್ 30ರಂದು, 59ನೇ ಹುಟ್ಟುಹಬ್ಬದ ದಿನ, ಕಲ್ಕತ್ತಾದಲ್ಲಿ ಬೋಸ್ ಇನ್‌ಸ್ಟಿಟ್ಯೂಟ್ ಬಾಗಿಲು ತೆರೆಯಿತು. ತಮ್ಮ ಉಳಿತಾಯವನ್ನು ಅದಕ್ಕೆ ಸುರಿದಿದ್ದರು. 1911ರಲ್ಲಿ ತೀರಿಕೊಂಡಿದ್ದ ನಿವೇದಿತಾ ಅವರ ನೆನಪಿಗೆ ದೀಪ ಹಿಡಿದ ಮಹಿಳೆಯ ಶಿಲ್ಪ ಅಲ್ಲಿದೆ. ಲಾಂಛನ ವಜ್ರಾಯುಧ. ಇಲ್ಲಿ ಕಂಡುಹಿಡಿದದ್ದು ಎಲ್ಲರ ಸ್ವತ್ತು, ಯಾವುದಕ್ಕೂ ಪೇಟೆಂಟ್ ಪಡೆಯುವುದಿಲ್ಲ ಎಂಬುದು ಅವರು ಇಟ್ಟ ನಿಯಮ.

ಅದೇ ವರ್ಷ ಸರ್ ಪದವಿ ಬಂತು. ಆದರೆ ಅನುಮಾನ ಬಿಟ್ಟಿರಲಿಲ್ಲ. ಕ್ರೆಸ್ಕೋಗ್ರಾಫ್ ತೋರಿಸುವುದು ಗಿಡದ ಬೆಳವಣಿಗೆಯನ್ನೇ ಅಲ್ಲ ಎಂದು ಲಂಡನ್‌ನ ಶರೀರಶಾಸ್ತ್ರಜ್ಞ ಆಗಸ್ಟಸ್ ವಾಲರ್ ಪತ್ರಿಕೆಯಲ್ಲಿ ಸವಾಲು ಹಾಕಿದರು. ಬೋಸ್ ಸವಾಲು ಸ್ವೀಕರಿಸಿದರು. 1920ರ ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ ವಿಜ್ಞಾನಿಗಳ ತಂಡವೊಂದರ ಎದುರು ಯಂತ್ರ ಓಡಿಸಿದರು. ಅದು ಸರಿಯಾಗಿ ಅಳೆಯುತ್ತದೆ ಎಂದು ಅವರು ಬಹಿರಂಗವಾಗಿ ಬರೆದರು. ಅದೇ ವರ್ಷ ರಾಯಲ್ ಸೊಸೈಟಿ ಬೋಸ್‌ರನ್ನು ಫೆಲೋ ಆಗಿ ಆರಿಸಿತು. 19 ವರ್ಷಗಳ ಹಿಂದೆ ಪ್ರಬಂಧವನ್ನು ಕಪಾಟಿಗೆ ಕಳಿಸಿದ್ದು ಇದೇ ಸಂಸ್ಥೆ.

ಸೇಬಿನ ಗಾಳಿ ಮತ್ತು ವಿಯೆನ್ನಾದ ಅತಿಥಿ

1928ರಲ್ಲಿ ಬೋಸ್ ಇನ್‌ಸ್ಟಿಟ್ಯೂಟ್‌ಗೆ ಒಬ್ಬ ಹಿರಿಯ ಅತಿಥಿ ಬಂದರು. ಹೆಸರು ಹಾನ್ಸ್ ಮೋಲಿಷ್. ವಿಯೆನ್ನಾ ವಿಶ್ವವಿದ್ಯಾಲಯದ ರೆಕ್ಟರ್ ಆಗಿದ್ದ ಸಸ್ಯಶಾಸ್ತ್ರಜ್ಞ. ಕೆಲವು ತಿಂಗಳು ಕಲ್ಕತ್ತಾದಲ್ಲೇ ಉಳಿದು ಬೋಸ್ ಅವರ ಪ್ರಯೋಗಗಳನ್ನು ಕಣ್ಣಾರೆ ಕಂಡು ಮೆಚ್ಚಿದರು.

ಬೋಸ್ ಸೀಸೆಯಿಂದ ಬಿಟ್ಟ ಆವಿಯ ಕಥೆಯನ್ನು ಗಿಡದಿಂದ ಗಿಡಕ್ಕೆ ದಾಟಿಸಿದವರಲ್ಲಿ ಈ ಮೋಲಿಷ್ ಮುಖ್ಯರು. ಮಾಗಿದ ಸೇಬನ್ನು ಬೇರೆ ಗಿಡಗಳ ಜೊತೆ ಒಂದೇ ಗಾಜಿನ ಗಂಟೆಯಡಿ ಮುಚ್ಚಿಟ್ಟರೆ ಏನಾಗುತ್ತದೆ ಎಂದು ಅವರು ನೋಡಿದರು. ಮೊಳಕೆಗಳ ಬೆಳವಣಿಗೆ ಕುಂಠಿತವಾಗುತ್ತಿತ್ತು, ಎಲೆಗಳು ಉದುರುತ್ತಿದ್ದವು. ಎರಡೂ ಒಂದನ್ನೊಂದು ಮುಟ್ಟಿಲ್ಲ, ನಡುವೆ ಇರುವುದು ಗಾಳಿ ಮಾತ್ರ. ಆ ಗಾಳಿಯಲ್ಲಿದ್ದದ್ದು ಎಥಿಲೀನ್. ಮಾಗುವ ಸೇಬು ಎಥಿಲೀನ್ ಹೊರಬಿಡುತ್ತದೆ ಎಂಬುದನ್ನು 1934ರಲ್ಲಿ ಇಂಗ್ಲೆಂಡ್‌ನ ರಿಚರ್ಡ್ ಗೇನ್ ಖಚಿತಪಡಿಸಿದ್ದರು.

ನಮ್ಮ ಮನೆಗಳಲ್ಲಿ ಇದು ಹೊಸದಲ್ಲ. ಕಾಯಿ ಮಾವನ್ನು ಹುಲ್ಲಿನಲ್ಲಿ ಮುಚ್ಚಿಡುವುದು, ಬಾಳೆಗೊನೆಗೆ ಹೊಗೆ ಹಾಕುವುದು, ಒಂದು ಹಣ್ಣಾದರೆ ಬುಟ್ಟಿಯ ಉಳಿದವೂ ಬೇಗ ಹಣ್ಣಾಗುವುದು, ಎಲ್ಲದರ ಹಿಂದೆ ಇರುವುದು ಇದೇ ಅನಿಲ. ಹೊಗೆಯಲ್ಲೂ ಎಥಿಲೀನ್ ಇರುತ್ತದೆ, ಹಣ್ಣಿನಿಂದಲೂ ಬರುತ್ತದೆ.

1937ರಲ್ಲಿ ಮೋಲಿಷ್ ಇದನ್ನೆಲ್ಲ ಪುಸ್ತಕ ಮಾಡಿ, ಒಂದು ಸಸ್ಯ ಇನ್ನೊಂದರ ಮೇಲೆ ರಾಸಾಯನಿಕದ ಮೂಲಕ ಬೀರುವ ಪ್ರಭಾವಕ್ಕೆ ಅಲೆಲೋಪತಿ ಎಂದು ಹೆಸರಿಟ್ಟರು. ಕೃಷಿ ವಿಶ್ವವಿದ್ಯಾಲಯಗಳ ಪಠ್ಯದಲ್ಲಿ ಇಂದಿಗೂ ಇರುವ ಪದ ಅದು. ಅದೇ ವರ್ಷದ ನವೆಂಬರ್ 23ರಂದು, ಈಗ ಜಾರ್ಖಂಡ್‌ನಲ್ಲಿರುವ ಗಿರಿಡೀಹ್‌ನಲ್ಲಿ ಬೋಸ್ ಕೊನೆಯುಸಿರೆಳೆದರು. 79 ತುಂಬಲು ಒಂದು ವಾರವಷ್ಟೇ ಬಾಕಿಯಿತ್ತು. ಹದಿನೈದು ದಿನ ಕಳೆದು, ಡಿಸೆಂಬರ್ 8ರಂದು ವಿಯೆನ್ನಾದಲ್ಲಿ ಮೋಲಿಷ್ ಕೂಡ ತೀರಿಕೊಂಡರು.

ಬೋಸ್ ಎಲ್ಲಿ ಎಡವಿದರು?

ಮಹಾನ್ ವ್ಯಕ್ತಿ ಎಂದ ಮಾತ್ರಕ್ಕೆ ಎಲ್ಲವೂ ಸರಿ ಎಂದೇನಿಲ್ಲ. ಗಿಡದಲ್ಲಿ ನೀರು ಮೇಲೇರುವುದು ಜೀವಕೋಶಗಳ ಮಿಡಿತದಿಂದ, ಹೃದಯ ರಕ್ತ ನೂಕಿದಂತೆ ಎಂದು ಬೋಸ್ 1923ರ ಪುಸ್ತಕದಲ್ಲಿ ವಾದಿಸಿದರು. ಈ ವಾದ ನಿಲ್ಲಲಿಲ್ಲ. ಎಲೆಗಳಿಂದ ನೀರು ಆವಿಯಾಗುವಾಗ ಉಂಟಾಗುವ ಸೆಳೆತವೇ ನೀರನ್ನು ಮೇಲೆಳೆಯುತ್ತದೆ ಎಂಬುದು ಇಂದು ಒಪ್ಪಿತವಾದ ವಿವರಣೆ.

ಇನ್ನೊಂದು ದೊಡ್ಡ ಜಗಳ ನಾಚಿಕೆ ಮುಳ್ಳಿನ ಮೇಲೆಯೇ ನಡೆಯಿತು. ಒಂದು ಎಲೆ ಸುಟ್ಟರೆ ದೂರದ ಎಲೆಯೂ ಮಡಚಿಕೊಳ್ಳುತ್ತದೆ. ಸುದ್ದಿ ಹೋಗುವುದು ಹೇಗೆ? ನರದಲ್ಲಿ ಹೋದಂತೆ ವಿದ್ಯುತ್ ರೂಪದಲ್ಲಿ ಎಂದರು ಬೋಸ್. ಇಲ್ಲ, ಗಾಯವಾದಲ್ಲಿ ಹುಟ್ಟಿದ ರಾಸಾಯನಿಕ ನೀರಿನ ಕೊಳವೆಗಳಲ್ಲಿ ಸಾಗಿ ಸುದ್ದಿ ಮುಟ್ಟಿಸುತ್ತದೆ ಎಂದರು ಇಟಲಿಯ ಉಬಾಲ್ಡೊ ರಿಕ್ಕಾ. ಅವರ ಪ್ರಯೋಗ ಪ್ರಕಟವಾಗಿದ್ದು 1916ರಲ್ಲಿ. ಬೋಸ್ ಅದನ್ನು ಒಪ್ಪಲಿಲ್ಲ. ಈಗ ತಿರುಗಿ ನೋಡಿದರೆ ಇಬ್ಬರ ಮಾತಿನಲ್ಲೂ ಹುರುಳಿದೆ. ಗಿಡದಲ್ಲಿ ವಿದ್ಯುತ್ ಸಂಕೇತವೂ ಇದೆ, ರಾಸಾಯನಿಕ ಸಂಕೇತವೂ ಇದೆ. ಒಂದು ಇನ್ನೊಂದನ್ನು ಎಬ್ಬಿಸುತ್ತದೆ. ಆದರೆ ಗಿಡದಲ್ಲಿ ಪ್ರಾಣಿಗಳಂಥ ನರವಿಲ್ಲ, ಮಿದುಳಿಲ್ಲ.

ಬೋಸ್ ಹೆಸರಿಗೆ ಹೆಚ್ಚು ಪೆಟ್ಟು ಕೊಟ್ಟವರು ಅವರ ವಿರೋಧಿಗಳಿಗಿಂತ ಅತಿಯಾಗಿ ಹೊಗಳಿದವರು. 1973ರಲ್ಲಿ ಅಮೆರಿಕದಲ್ಲಿ ಬಂದ ಜನಪ್ರಿಯ ಪುಸ್ತಕವೊಂದು ಗಿಡಗಳು ಮನುಷ್ಯರ ಮನಸ್ಸನ್ನೇ ಓದುತ್ತವೆ ಎಂಬಂಥ ಕಥೆಗಳ ನಡುವೆ ಬೋಸ್ ಅವರನ್ನೂ ಕೂರಿಸಿತು. ಆ ಹೇಳಿಕೆಗಳನ್ನು ವಿಜ್ಞಾನಿಗಳು ಮತ್ತೆ ಪರೀಕ್ಷಿಸಿದಾಗ ಏನೂ ಸಿಗಲಿಲ್ಲ. ಪರಿಣಾಮ, ಗಿಡಗಳ ಸಂವಹನ ಎಂದರೆ ಗಂಭೀರ ಸಂಶೋಧಕರು ದೂರ ಸರಿಯುವಂತಾಯಿತು. ಇಂದೂ ವಾಟ್ಸ್ಆ್ಯಪ್‌ನಲ್ಲಿ ಗಿಡ ಅಳುತ್ತದೆ, ಗಿಡಕ್ಕೆ ಪ್ರೀತಿ ಗೊತ್ತು ಎಂದು ಬೋಸ್ ಫೋಟೊ ಹಾಕಿ ಹರಿದಾಡುವ ಸಂದೇಶಗಳು ಅದೇ ಕೆಲಸ ಮಾಡುತ್ತಿವೆ.

ಹೊಲದ ಗಾಳಿಯಲ್ಲಿ ಏನಿದೆ?

ಈ ಹಿಂಜರಿಕೆಯ ನಡುವೆಯೇ 1983ರಲ್ಲಿ ಇಯಾನ್ ಬಾಲ್ಡ್‌ವಿನ್ ಮತ್ತು ಜಾಕ್ ಶುಲ್ಟ್ಸ್ ಒಂದು ಪ್ರಬಂಧ ಪ್ರಕಟಿಸಿದರು. ಎಲೆ ಹರಿದ ಸಸಿಗಳ ಜೊತೆ ಒಂದೇ ಗಾಳಿ ಹಂಚಿಕೊಂಡ, ಗಾಯವಿಲ್ಲದ ಪಾಪ್ಲರ್ ಮತ್ತು ಮೇಪಲ್ ಸಸಿಗಳಲ್ಲೂ ರಕ್ಷಣೆಯ ರಾಸಾಯನಿಕ ಹೆಚ್ಚಿತ್ತು. ಮಾತಾಡುವ ಮರಗಳು ಎಂದು ಪತ್ರಿಕೆಗಳು ಸಂಭ್ರಮಿಸಿದವು. ಪ್ರಯೋಗದ ವಿಧಾನ ಸಾಲದು ಎಂದು ಹಲವು ವಿಜ್ಞಾನಿಗಳು ತಳ್ಳಿಹಾಕಿದರು.

ಬೆಳೆಗಳ ಸರದಿ ಬಂದಾಗ ಪುರಾವೆ ಗಟ್ಟಿಯಾಯಿತು. 1990ರಲ್ಲಿ ಎಡ್ವರ್ಡ್ ಫಾರ್ಮರ್ ಮತ್ತು ಕ್ಲಾರೆನ್ಸ್ ರಯಾನ್ ಟೊಮೆಟೊ ಗಿಡವನ್ನು ಸೇಜ್‌ಬ್ರಷ್ ಎಂಬ ಪೊದೆಯ ಕೊಂಬೆ ಜೊತೆ ಮುಚ್ಚಿಟ್ಟರು. ಆ ಕೊಂಬೆಯಿಂದ ಬಂದ ಮೀಥೈಲ್ ಜಾಸ್ಮೋನೇಟ್ ಎಂಬ ಆವಿಗೆ ಟೊಮೆಟೊ ಎಲೆ, ಹುಳುವಿನ ಜೀರ್ಣಶಕ್ತಿ ಕೆಡಿಸುವ ಪ್ರೋಟೀನ್ ತಯಾರಿಸಿತು. 2000ದಲ್ಲಿ ಜಪಾನಿನ ಸಂಶೋಧಕರು ನುಸಿ ಹತ್ತಿದ ಡಬಲ್ ಬೀನ್ಸ್ ಎಲೆಯ ಆವಿ, ನುಸಿಯಿಲ್ಲದ ನೆರೆ ಎಲೆಯಲ್ಲಿ ರಕ್ಷಣೆಯ ಜೀನ್‌ಗಳನ್ನು ಎಬ್ಬಿಸುವುದನ್ನು ತೋರಿಸಿದರು. 2004ರಲ್ಲಿ ಮೆಕ್ಕೆಜೋಳದ ಸಸಿಗಳಲ್ಲಿ ಇನ್ನೊಂದು ಸೂಕ್ಷ್ಮ ಕಂಡಿತು. ಹಸಿ ಎಲೆಯ ವಾಸನೆ ಮೊದಲೇ ತಾಗಿದ ಸಸಿ ತಕ್ಷಣ ಶಕ್ತಿಯನ್ನೆಲ್ಲ ಖರ್ಚು ಮಾಡುವುದಿಲ್ಲ. ಸಜ್ಜಾಗಿ ಕಾಯುತ್ತದೆ. ಹುಳು ನಿಜವಾಗಿ ಬಂದಾಗ ಉಳಿದವಕ್ಕಿಂತ ಜೋರಾಗಿ ಸ್ಪಂದಿಸುತ್ತದೆ.

ಗಿಡ ನೆರೆಯವರಿಗೆ ಉಪಕಾರ ಮಾಡಲೆಂದೇ ಆವಿ ಕಳಿಸುತ್ತದೆ ಎಂದುಕೊಳ್ಳಬೇಕಿಲ್ಲ. ಗಾಯದಿಂದ ಸೋರಿದ ವಾಸನೆಯನ್ನು ಪಕ್ಕದವರು ಕದ್ದು ಕೇಳಿಸಿಕೊಳ್ಳುತ್ತಾರೆ ಎಂದೂ ಹೇಳಬಹುದು. ಗಾಳಿ ಬೀಸಿದರೆ ಸುದ್ದಿ ಚದುರುತ್ತದೆ, ದೂರ ಹೆಚ್ಚಾದರೆ ಕ್ಷೀಣಿಸುತ್ತದೆ. ಲ್ಯಾಬ್‌ನ ಮುಚ್ಚಿದ ಡಬ್ಬಿಯಲ್ಲಿ ಕಂಡದ್ದು ಬಯಲ ಹೊಲದಲ್ಲಿ ಅಷ್ಟೇ ಬಲವಾಗಿರುವುದಿಲ್ಲ. ಔಷಧಿ ಸಿಂಪಡಣೆ ಕಡಿಮೆ ಮಾಡಲು ಈ ಜ್ಞಾನವನ್ನು ಬಳಸುವ ಹಾದಿಯಲ್ಲಿ ದಾಟಬೇಕಾದ ಸವಾಲು ಇದೇ.

ಇನ್ನು 2023ರ ಸೈತಾಮಾ ಪ್ರಯೋಗ. ಮಸಾತ್ಸುಗು ತೊಯೊತಾ ಅವರ ತಂಡ ಹುಳುಗಳಿಗೆ ಟೊಮೆಟೊ ಮುಂತಾದ ಎಲೆ ತಿನ್ನಲು ಬಿಟ್ಟು, ಅಲ್ಲಿನ ಗಾಳಿಯನ್ನು ಸಾಸಿವೆ ಕುಲದ ಪುಟ್ಟ ಗಿಡವೊಂದರ ಮೇಲೆ ಹಾಯಿಸಿತು. ಕ್ಯಾಲ್ಸಿಯಂ ಹೆಚ್ಚಾದಲ್ಲಿ ಹೊಳೆಯುವಂತೆ ಆ ಗಿಡವನ್ನು ಮೊದಲೇ ಮಾರ್ಪಡಿಸಲಾಗಿತ್ತು. ಆವಿ ತಾಗುತ್ತಿದ್ದಂತೆ ಎಲೆ ಮಿನುಗಿತು. ಮೊದಲು ಸ್ಪಂದಿಸಿದ್ದು ಪತ್ರರಂಧ್ರಗಳ ಕಾವಲು ಕೋಶಗಳು. ಗಿಡ ಉಸಿರಾಡುವ ಆ ಬಾಗಿಲುಗಳ ಮೂಲಕವೇ ಸುದ್ದಿ ಒಳಗೆ ಹೋಗುತ್ತದೆ. ಅದಕ್ಕೆ ಒಂದು ವರ್ಷ ಮೊದಲು ಇದೇ ತಂಡ ಬೋಸ್ ಅವರ ಮೆಚ್ಚಿನ ನಾಚಿಕೆ ಮುಳ್ಳಿನಲ್ಲೂ ಕ್ಯಾಲ್ಸಿಯಂ ಮತ್ತು ವಿದ್ಯುತ್ ಸಂಕೇತ ಜೊತೆಜೊತೆಗೇ ಓಡುವುದನ್ನು ತೋರಿಸಿತ್ತು. ಎಲೆ ಮಡಚುವುದರಿಂದ ಹುಳುಗಳ ಕಾಟ ಕಡಿಮೆಯಾಗುತ್ತದೆ ಎಂಬುದೂ ಅಲ್ಲಿ ಸಾಬೀತಾಯಿತು.

ಮಸಿ ಹಿಡಿದ ಗಾಜಿನ ಜಾಗಕ್ಕೆ ಈಗ ಕ್ಯಾಮೆರಾ ಬಂದಿದೆ. ಉಳಿದಂತೆ ಕೇಳುವ ಪ್ರಶ್ನೆ ಹಳೆಯದೇ. ಗಿಡಕ್ಕೆ ಮಾತು ಬರುತ್ತದೆ ಎಂದು ಬೋಸ್ ಹೆಸರಿನಲ್ಲಿ ಹೇಳುವುದಕ್ಕಿಂತ, ಅಳೆಯದೆ ಏನನ್ನೂ ಹೇಳಬಾರದು ಎಂಬ ಅವರ ಪಾಠವನ್ನು ನೆನಪಿಟ್ಟುಕೊಳ್ಳುವುದೇ ಅವರಿಗೆ ಸಲ್ಲುವ ಗೌರವ. ಆ ಅಳತೆಗೋಲಿನಲ್ಲಿ ಬೋಸ್ ಅವರನ್ನೂ ಅಳೆಯಬಹುದು. ಅಳೆದ ಮೇಲೂ ಅವರು ದೊಡ್ಡವರಾಗಿಯೇ ಉಳಿಯುತ್ತಾರೆ.